ಅಜ್ಜಿ ಹೆಬ್ಬೆಟ್ಟು ಒತ್ತಲಿಲ್ಲ

ತಮ್ಮದೇ ಜನರ ಬಗ್ಗೆ ಪಿಎಚ್‌ಡಿ ಮಾಡುವ ಬುಡಕಟ್ಟು ಮಕ್ಕಳು ಒಬ್ಬರ ಹಿಂದೆ ಒಬ್ಬರು ಕೌನ್ಸೆಲಿಂಗ್‌ಗೆ ನನ್ನ ಹತ್ತಿರ ಬರುತ್ತಿದ್ದಾರೆ. ಸಂಕಟ ಹೆಚ್ಚುಕಮ್ಮಿ ಒಂದೇ. ಅದಕ್ಕೇ ಒಬ್ಬಳ ವಿಷಯ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ವಿವರ ಬದಲಿಸಿ.

ಜೇನುಕುರುಬರ ಹುಡುಗಿ. ಪಿಎಚ್‌ಡಿ ವಿಷಯ, ಹಾಡಿಯ (ಬುಡಕಟ್ಟು ಜನರ ಊರಿನ) ನಾಟಿ ಔಷಧಿ. ನಿದ್ದೆ ಇಲ್ಲ, ಗೈಡ್ ಫೋನ್ ಬಂದರೆ ಕೈ ನಡುಗುತ್ತೆ, ಊರಿಗೆ ಹೋಗುವುದನ್ನೇ ಬಿಟ್ಟಿದ್ದಳು.

ಒಂದು ದಿನ ಬ್ಯಾಗಿನಿಂದ ಸಂಶೋಧನೆಗೆ ಮಾಹಿತಿ ಕೊಡುವವರ ಸಮ್ಮತಿ ಪತ್ರ ತೆಗೆದು ಮೇಜಿನ ಮೇಲಿಟ್ಟಳು. ಎರಡು ಪುಟ, ಪೂರ್ತಿ ಇಂಗ್ಲಿಷು. ಸಹಿಯ ಜಾಗ ಖಾಲಿ, ಅಂಚಿನಲ್ಲಿ ಮಾತ್ರ ಇಂಕಿನ ನೀಲಿ ಕಲೆ.

"ಅಜ್ಜಿ ಬೆರಳಿಗೆ ಇಂಕು ಹಚ್ಕೊಂಡಿದ್ರು ಮೇಡಂ. ಆಮೇಲೆ ಕೈ ಹಿಂದೆ ತಗೊಂಡ್ರು. ಕಾಡಿಂದ ಎಬ್ಬಿಸುವಾಗಲೂ ಹಿಂಗೇ ಕಾಗದ ತಂದಿದ್ರು, ಈ ಸಲ ನೀನು ತಂದಿದ್ದೀಯ ಅಂದ್ರು."

ಒಂದು ಔಷಧಿ ಬೇರಿನ ವಿಷಯ ಬರೀಬೇಡ ಅಂದಿದ್ದರಂತೆ ಅಜ್ಜಿ. "ಅವರು ಬೇಡ ಅಂದ ಬೇರನ್ನು ಬರೆಯದಿದ್ರೆ ಏನಾಗುತ್ತೆ?" ಅಂದೆ.

"ಡೇಟಾ ಸಾಲದು ಅಂತಾರೆ ಗೈಡ್ ಸರ್." ಸುಮಾರು ಹೊತ್ತು ಸುಮ್ಮನಿದ್ದಳು. "ಆ ಬೇರು ನಂಗೆ ಗೊತ್ತು ಮೇಡಂ. ಅಜ್ಜಿ ಸಹಿ ಇಲ್ದೆನೂ ಬರೀಬಹುದು. ಅದಕ್ಕೇ ನಿದ್ದೆ ಬರಲ್ಲ."

ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸೋದು ಬಿಟ್ಟು ಥೀಸಿಸ್‌ಗೆ ಯಾಕೆ ಕೈ ಹಾಕಿದ್ರಿ ಅಂತ ಜೊತೆಯವರು ಕೇಳಿದರು. ಅವಳದು ನ್ಯಾಯವಾದ ಅಳುಕು, ಅದನ್ನು ಕಾಯಿಲೆ ಅಂತ ಯಾಕೆ ಕರೆಯಲಿ? ಅಮೆರಿಕದ ಅರಿಜೋನಾದಲ್ಲಿ ಹವಸುಪಾಯಿ ಬುಡಕಟ್ಟಿನ ಜನ ಸಕ್ಕರೆ ಕಾಯಿಲೆ ಸಂಶೋಧನೆ ಅಂತ ನಂಬಿ ರಕ್ತ ಕೊಟ್ಟರು. ಸಂಶೋಧಕರು ಅದನ್ನೇ ಸ್ಕಿಜೋಫ್ರೇನಿಯಾ ಎಂಬ ಮನೋರೋಗ, ವಲಸೆಯ ಇತಿಹಾಸ ಅಂತ ಬೇರೆ ಅಧ್ಯಯನಗಳಿಗೂ ಅವರನ್ನು ಕೇಳದೆ ಬಳಸಿದರು. ಆ ಜನ ಕೋರ್ಟಿಗೆ ಹೋಗಿ, 2010ರಲ್ಲಿ ರಾಜಿಯಾಗಿ ಪರಿಹಾರದ ಜೊತೆ ಉಳಿದ ರಕ್ತವನ್ನೂ ವಾಪಸ್ ಪಡೆದರು. ದಕ್ಷಿಣ ಆಫ್ರಿಕಾದ ಸಾನ್ ಬುಡಕಟ್ಟಿನ ಜನ 2017ರಲ್ಲಿ ಸಂಶೋಧಕರಿಗೆ ತಾವೇ ನಿಯಮ ಬರೆದರು. ಅಷ್ಟು ದೂರ ಯಾಕೆ, ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(1)(ಕೆ) ಇಂಥ ತಿಳಿವಳಿಕೆಯ ಮೇಲೆ ಸಮುದಾಯಕ್ಕೇ ಹಕ್ಕು ಕೊಟ್ಟಿದೆ. ಎಷ್ಟು ಗೈಡ್‌ಗಳು ಅದನ್ನು ಓದಿದ್ದಾರೋ!

ಪಿಎಚ್‌ಡಿ ಬಿಡಬೇಡ ಕಣಮ್ಮ ಅಂದೆ. ಬರೆದಷ್ಟನ್ನು ಹಾಡಿಯಲ್ಲಿ ಅವರ ಮಾತಲ್ಲೇ ಓದಿ ಹೇಳು, ಹೊಡೆದು ಹಾಕು ಅಂದದ್ದನ್ನು ಅಲ್ಲೇ ಹೊಡೆದು ಹಾಕು. ಬೇಡ ಅಂದ ಗಿಡದ ಹೆಸರು, ಫೋಟೋ, ಸಿಗುವ ಜಾಗ ಯಾವುದೂ ಬೇಡ. 'ಹಾಡಿಯ ತೀರ್ಮಾನದಂತೆ ಬಿಟ್ಟಿದೆ' ಅಂತ ವಿಧಾನದ ಅಧ್ಯಾಯದಲ್ಲೇ ಬರೆ, ಕೊರತೆ ಅಂತ ಒಪ್ಪಿಕೊಳ್ಳಬೇಡ. ಗೈಡ್‌ಗೆ ಫೋನಲ್ಲಿ ಹೇಳಬೇಡ, ಬರೆದು ಕೊಡು.

ಗಿಡಗಳ ವಿಷಯಕ್ಕೆ ಗೈಡ್ ಗೊಣಗುತ್ತಲೇ ಒಪ್ಪಿದರು. ಹಾಡಿಯವರ ಮಾತಿನ ರೆಕಾರ್ಡಿಂಗ್ ಯೂನಿವರ್ಸಿಟಿ ವಿಭಾಗದಲ್ಲಿರಬೇಕೋ ಹಾಡಿಯಲ್ಲಿರಬೇಕೋ ಅನ್ನೋ ಜಗ್ಗಾಟ ಇನ್ನೂ ಮುಗಿದಿಲ್ಲ.