ಹುಲ್ಲಿನ ನಾಯಿಯನ್ನು ಗಮನಿಸದ ಲೇಖನ

ಮಾನ್ಯರೇ,

ತಾವೋ ತತ್ತ್ವವನ್ನೂ ಚೀನಾದ ಜನಪದ ಪೂಜೆಯನ್ನೂ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಹದವಾಗಿದೆ, ಆದರೆ ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ತಾವೋ ತತ್ತ್ವದ ಮೂಲಪುರುಷನೆನಿಸಿದ ಲಾವೋತ್ಸೆಯ ನಿರ್ಮಲ ಚಿಂತನೆಯನ್ನು ಮುಂದೆ ಬಂದವರು ಧೂಪ, ಮಂತ್ರ, ದೇವರುಗಳಿಂದ ಕೆಡಿಸಿದರು ಎಂಬುದು ನಿಮ್ಮ ವಾದ. ಇದು ಹಳೆಯ ವಾದ. ಅದಕ್ಕಿಂತ ಮುಖ್ಯವಾಗಿ, ನೀವೇ ಉದ್ಧರಿಸಿರುವ ಸಾಲು ಅದಕ್ಕೆ ಒಗ್ಗುವುದಿಲ್ಲ.

ಆಕಾಶ ಭೂಮಿಗಳು ಸಕಲವನ್ನೂ ಹುಲ್ಲಿನ ನಾಯಿಗಳಂತೆ ಕಾಣುತ್ತವೆ ಎಂಬ ಲಾವೋತ್ಸೆಯದೆನ್ನುವ ‘ತಾವೋ ತೆ ಚಿಂಗ್’ ಗ್ರಂಥದ 5ನೆಯ ಅಧ್ಯಾಯದ ಮಾತನ್ನು ನೀವು ಬರಿಯ ಕವಿಕಲ್ಪನೆ ಎಂದುಕೊಂಡಿದ್ದೀರಿ. ಹುಲ್ಲಿನ ನಾಯಿ ಎಂದರೆ ಹುಲ್ಲಿನಿಂದ ಮಾಡಿದ ಬೊಂಬೆ, ಪೂಜಾಸಾಮಗ್ರಿ. ಅರ್ಪಿಸುವ ಮುನ್ನ ಅದನ್ನು ಬಿದಿರಿನ ಪೆಟ್ಟಿಗೆಯಲ್ಲಿಟ್ಟು ಕಸೂತಿ ಬಟ್ಟೆ ಹೊದಿಸುತ್ತಿದ್ದರು. ಪೂಜೆ ಮುಗಿದ ಮೇಲೆ ದಾರಿಹೋಕರು ಅದನ್ನು ತುಳಿದು ಹೋಗುತ್ತಿದ್ದರು, ಹುಲ್ಲು ಕೊಯ್ಯುವವರು ಒಯ್ದು ಒಲೆಗೆ ಹಾಕುತ್ತಿದ್ದರು. ಈ ವಿವರ ತಾವೋ ತತ್ತ್ವದ ಇನ್ನೊಂದು ಪ್ರಾಚೀನ ಗ್ರಂಥವಾದ ‘ಚುವಾಂಗ್ ತ್ಸು’ವಿನ 14ನೆಯ ಅಧ್ಯಾಯದಲ್ಲಿದೆ. ತತ್ತ್ವವೇ ತನ್ನ ಉಪಮೆಯನ್ನು ಪೂಜೆಯ ಅಂಗಳದಿಂದ ಎತ್ತಿಕೊಂಡಿರುವಾಗ, ಪೂಜೆಯನ್ನು ಆಮೇಲೆ ಮೆತ್ತಿಕೊಂಡ ಕೊಳೆ ಎನ್ನುವುದು ಹೇಗೆ?

ಹಾಗೆಂದು ತಾವೋ ಪಂಥವೂ ಊರವರ ಪೂಜೆಯೂ ಒಂದೇ ಅಲ್ಲ. ಕ್ರಿ.ಶ. 142ರಲ್ಲಿ, ದೇವತ್ವಕ್ಕೇರಿದ ಲಾವೋತ್ಸೆ ಸಿಚುವಾನ್‌ನಲ್ಲಿ ಪಂಥದ ಸ್ಥಾಪಕ ಚಾಂಗ್ ತಾವೋಲಿಂಗ್‌ಗೆ ದರ್ಶನವಿತ್ತನೆಂದು ಆ ಪಂಥ ನಂಬುತ್ತದೆ. ಚಾಂಗನ ಅನುಯಾಯಿಗಳು ಸ್ಥಳೀಯ ದೇವರುಗಳಿಗೆ ಕೊಡುತ್ತಿದ್ದ ರಕ್ತಬಲಿಯನ್ನು ಕಟುವಾಗಿ ಖಂಡಿಸಿದರು. ಜನರ ಪೂಜೆಯೊಡನೆ ಮೊದಲು ಜಗಳಕ್ಕಿಳಿದವರು ನೀವು ದೂರುವ ಈ ಪುರೋಹಿತರೇ. ಆಮೇಲೆ ಒಂದು ಬಗೆಯ ರಾಜಿಯಾಯಿತು. ತೈವಾನಿನಲ್ಲಿ ತಾವೋ ಪುರೋಹಿತರು ಊರಿಗಾಗಿ ನಡೆಸುವ ‘ಜಿಯಾವೊ’ ಉತ್ಸವದಲ್ಲಿ ಇಂದಿಗೂ ಅದನ್ನು ಕಾಣಬಹುದು: ಗುಡಿಯೊಳಗೆ ತಾವೋ ಪಂಥದ ಪರಮ ದೇವತೆಗಳಾದ ‘ಮೂವರು ಪರಿಶುದ್ಧರ’ ಚಿತ್ರಪಟಗಳ ಮುಂದೆ ಪುರೋಹಿತರು ಹಳೆಯ ಸಾಹಿತ್ಯಿಕ ಚೀನೀ ಭಾಷೆಯಲ್ಲಿ ಅರ್ಜಿ ಓದುತ್ತಿದ್ದರೆ, ಹೊರಗೆ ಊರವರು ಅಲೆಯುವ ಪ್ರೇತಗಳಿಗೆಂದು ಇಡೀ ಹಂದಿಗಳನ್ನೇ ಒಪ್ಪಿಸುತ್ತಾರೆ. ಡಚ್ ವಿದ್ವಾಂಸ ಕ್ರಿಸ್ಟೋಫರ್ ಸ್ಕಿಪ್ಪರ್ ತೈವಾನಿನ ತೈನಾನ್‌ನಲ್ಲಿ ವರ್ಷಗಟ್ಟಲೆ ಕಲಿತು, 1968ರಲ್ಲಿ ತಾವೇ ಪುರೋಹಿತ ದೀಕ್ಷೆ ಪಡೆದರು. ಅಷ್ಟು ಹತ್ತಿರದಿಂದ ನೋಡಿದವರ ಬರಹ ನಿಮ್ಮ ಮೇಜಿನ ಮೇಲೆ ಇದ್ದಂತಿಲ್ಲ.

ಚೀನೀ ಮನೆಗಳ ಅಡುಗೆಮನೆ ದೇವರನ್ನು ‘ಬಾಲಿಶ’ ಎಂಬ ಒಂದೇ ಪದದಲ್ಲಿ ಮುಗಿಸಿದ್ದೀರಿ. ನನಗೆ ವಿವರವಾಗಿ ಬೇಕಿದ್ದದ್ದು ಆ ದೇವರ ವಿಷಯವೇ. ಚೀನೀ ಚಾಂದ್ರಮಾನ ವರ್ಷದ ಕೊನೆಯ ತಿಂಗಳ 23 ಅಥವಾ 24ರಂದು ಮನೆಯವರು ಆ ದೇವರ ಚಿತ್ರದ ತುಟಿಗೆ ಅಂಟು ಮಿಠಾಯಿ ಸವರಿ, ಚಿತ್ರವನ್ನು ಸುಟ್ಟು ಕಳುಹಿಸುತ್ತಾರೆ. ಆತ ಸ್ವರ್ಗದ ಒಡೆಯನಾದ ಜೇಡ್ ಚಕ್ರವರ್ತಿಯ ಬಳಿಗೆ ಹೋಗಿ ಮನೆಮಂದಿಯ ವರದಿ ಒಪ್ಪಿಸುವಾಗ ಬಾಯಿಂದ ಸಿಹಿಯೇ ಬರಲಿ, ಇಲ್ಲವೇ ಬಾಯೇ ತೆರೆಯದಿರಲಿ ಎಂದು. (ಮೇಲಧಿಕಾರಿಯ ತಪಾಸಣೆಯನ್ನು ಕಂಡವರಿಗೆ ಇದರ ಜಾಣತನ ಹೇಳಬೇಕಿಲ್ಲ.) ಇಲ್ಲಿ ಪುರೋಹಿತನ ಅಗತ್ಯವಿಲ್ಲ, ಲಾವೋತ್ಸೆಯನ್ನು ಯಾರೂ ಓದಿರಬೇಕಾಗಿಯೂ ಇಲ್ಲ. ಕೆಟ್ಟುಹೋದ ತತ್ತ್ವ ಎಂದು ಇದನ್ನು ಕರೆಯಲು ಬರುವುದಿಲ್ಲ. ಇದು ತನ್ನ ಕಾಲಮೇಲೆ ತಾನೇ ನಿಂತ ಆಚರಣೆ.

ವೇದಾಂತವನ್ನೂ ನಮ್ಮ ಗ್ರಾಮದೇವತೆಗಳನ್ನೂ ಹೋಲಿಸಿರುವ ಪ್ಯಾರಾವನ್ನು ಪೂರ್ತಿ ತೆಗೆದುಹಾಕಿ. ಲೇಖನವನ್ನು ಅಡುಗೆಮನೆಯಿಂದ ಆರಂಭಿಸಿ ಮತ್ತೆ ಬರೆದು ಕಳುಹಿಸಿದರೆ ಖಂಡಿತ ಓದುತ್ತೇನೆ.

ಇಂತಿ,
ಸಂಪಾದಕ