ಬಿಸಿಲು ಮಾಳಿಗೆಗೆ ದಾಸವಾಳವೋ, ಕಾಗದದ ಹೂವೋ?

ಪ್ರಶ್ನೆ: ನಮ್ಮ ಮಾಳಿಗೆಗೆ ದಿನವಿಡೀ ಬಿಸಿಲು. ಕುಂಡದಲ್ಲಿ ದಾಸವಾಳ ಇಡಲೋ, ಕಾಗದದ ಹೂವೋ (ಬೋಗನ್‌ವಿಲ್ಲಾ)? (ಓದುಗರು, ರಾಯಚೂರು)

ಉತ್ತರ: ಕಾಗದದ ಹೂವನ್ನೇ ಇಡಿ. 40 ಡಿಗ್ರಿ ದಾಟುವ ನಿಮ್ಮೂರಿನ ಬೇಸಿಗೆಯಲ್ಲಿ ಕುಂಡದ ದಾಸವಾಳಕ್ಕೆ ಎರಡು ಹೊತ್ತು ನೀರು ಬೇಕು; ತಪ್ಪಿದರೆ ಮೊಗ್ಗು ಉದುರುತ್ತವೆ. ಬಿಳಿ ಹಿಟ್ಟಿನಂತೆ ಅಂಟಿಕೊಂಡು ರಸ ಹೀರುವ ಹಿಟ್ಟು ತಿಗಣೆಯ ಕಾಟ ಬೇರೆ.

ಕಾಗದದ ಹೂವಿಗೆ ಎರೆಮಣ್ಣು (ಕಪ್ಪು ಮಣ್ಣು) ಮಾತ್ರ ಬೇಡ. ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ಕೆಂಪು ಮಣ್ಣು 2 ಪಾಲು, ಮರಳು 1, ಹಳೆಯ ತಿಪ್ಪೆಗೊಬ್ಬರ 1 ಪಾಲು ಬೆರೆಸಿ. 14 ಇಂಚಿನ ಕುಂಡ ಸಾಕು. ಮೇಲ್ಮಣ್ಣು ಎರಡು ಇಂಚು ಒಣಗಿದ ಮೇಲೆಯೇ ನೀರು ಕೊಡಿ. ಯೂರಿಯಾ ಹಾಕಿದರೆ ಬರೀ ಎಲೆ. ಹೂ ಮುಗಿದ ಕೊಂಬೆಯನ್ನು ಮೂರನೇ ಒಂದು ಭಾಗ ಕತ್ತರಿಸಿ, ಹೊಸ ಚಿಗುರಿನಲ್ಲೇ ಹೂ ಬರುವುದು. ಪೂಜೆಗೆ ದಾಸವಾಳ ಬೇಕೇ ಬೇಕೆಂದರೆ ಮಧ್ಯಾಹ್ನ ನೆರಳು ಬೀಳುವ ಮೂಡಣ ಗೋಡೆಯ ಬದಿ ನೆಲದಲ್ಲೇ ನೆಡಿ.