ರೋಡ್ ರನ್ನರ್ ಕೊಳ್ಳೋಕೆ ಹೆಮಿಗಾಗಿ ಕಾಯಬೇಕಾ?

ಪ್ರಶ್ನೆ: ನಾನು ಅಮೆರಿಕದ ಮಿಷಿಗನ್‌ನಲ್ಲಿದ್ದೇನೆ. ಹಳೇ ಮಸಲ್ ಕಾರಿನ (ದೊಡ್ಡ ಎಂಜಿನ್ನಿನ ವೇಗದ ಕಾರು) ಹುಚ್ಚು. ಇಲ್ಲೇ ಹತ್ತಿರದಲ್ಲಿ 1969ರ ಪ್ಲಿಮತ್ ರೋಡ್ ರನ್ನರ್ ಮಾರಾಟಕ್ಕಿದೆ, 383 (ಕ್ಯೂಬಿಕ್ ಇಂಚು ಗಾತ್ರದ) ಎಂಜಿನ್. ಸ್ನೇಹಿತರು "ಹೆಮಿ ಇಲ್ದಿದ್ರೆ ಅದೆಂಥ ರೋಡ್ ರನ್ನರ್" ಅಂತಾರೆ. ಹೆಮಿ ಅಂದ್ರೆ ಅದೇ ಕಾರಿಗೆ ಬರ್ತಿದ್ದ ಇನ್ನೂ ದೊಡ್ಡ 426 ಎಂಜಿನ್. ಕಾಯಲಾ?

ಉತ್ತರ: ಕಾಯಬೇಡಿ. ಕಂಪನಿಯವರು ಈ ಕಾರಿಗೆ ಕೊಟ್ಟ ಮೂಲ ಎಂಜಿನ್ನೇ 383.

1968ರ ಹೊತ್ತಿಗೆ ಮಸಲ್ ಕಾರುಗಳಿಗೆ ಅಲಂಕಾರ ಜಾಸ್ತಿಯಾಗಿ ಬೆಲೆ ಏರಿತ್ತು, ಹುಡುಗರ ಕೈಗೆ ಸಿಗುತ್ತಿರಲಿಲ್ಲ. ಆಗ ಪ್ಲಿಮತ್ ತನ್ನ ಸಾದಾ ಬೆಲ್ವೆಡೀರ್ ಕಾರನ್ನೇ ಹಿಡಿದು, ಒಳಗಿನ ಥಳಕನ್ನೆಲ್ಲ ಕಿತ್ತುಹಾಕಿತು. ಕಾರ್ಪೆಟ್ ಜಾಗಕ್ಕೆ ರಬ್ಬರ್ ಮ್ಯಾಟ್, ಮುಂದೆ ಉದ್ದನೆಯ ಬೆಂಚ್ ಸೀಟು. ಬೆಲೆ 2,896 ಡಾಲರ್. ಆದರೆ ಎಂಜಿನ್ ವಿಷಯದಲ್ಲಿ ಜಿಪುಣತನ ಮಾಡಲಿಲ್ಲ. ದೊಡ್ಡಣ್ಣ 440 ಎಂಜಿನ್ನಿನ ಹೆಡ್, ಕ್ಯಾಮ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ ತಂದು 383ಕ್ಕೆ ಹಾಕಿದರು. 335 ಅಶ್ವಶಕ್ತಿ ಬಂತು. (ಕಾರ್ಪೆಟ್‌ಗೆ ದುಡ್ಡಿಲ್ಲ ಅಂದವರು ಕಾರ್ಟೂನ್ ಹಕ್ಕಿಯ ಹೆಸರಿಗೆ ಮಾತ್ರ ವಾರ್ನರ್ ಬ್ರದರ್ಸ್‌ಗೆ 50,000 ಡಾಲರ್ ಕೊಟ್ಟರು! 'ಬೀಪ್ ಬೀಪ್' ಹಾರ್ನ್ ಬಂದಿದ್ದೂ ಹಾಗೇ.)

426 ಹೆಮಿ ಬೇಕಂದರೆ ಆಗಲೇ 714 ಡಾಲರ್ ಹೆಚ್ಚಿಗೆ, ಕಾರಿನ ಬೆಲೆಯ ಸುಮಾರು ಕಾಲು ಭಾಗ. 425 ಅಶ್ವಶಕ್ತಿ ನಿಜ. ಆದರೆ 1969ರ ಹೆಮಿಯಲ್ಲಿ ಸಾಲಿಡ್ ಲಿಫ್ಟರ್ (ವಾಲ್ವ್ ಎತ್ತುವ ಗಟ್ಟಿ ಲೋಹದ ತುಂಡು), ವಾಲ್ವ್ ಗ್ಯಾಪ್ ಆಗಾಗ ಸರಿಮಾಡುತ್ತಿರಬೇಕು. ನಾಲ್ಕು ಬ್ಯಾರೆಲ್‌ನ (ಗಾಳಿ ಒಳಹೋಗುವ ಕೊಳವೆ) ಎರಡು ಕಾರ್ಬ್ಯುರೇಟರ್ (ಗಾಳಿ, ಪೆಟ್ರೋಲ್ ಬೆರೆಸುವ ಭಾಗ) ಬೇರೆ, ಎರಡನ್ನೂ ಹೊಂದಿಸಬೇಕು. 383ರ ಹೈಡ್ರಾಲಿಕ್ ಲಿಫ್ಟರ್ ಆಯಿಲ್ ಒತ್ತಡದಿಂದ ತಾನೇ ಹೊಂದಿಕೊಳ್ಳುತ್ತೆ, ಆ ರಗಳೆ ಇಲ್ಲ. ಭಾನುವಾರ ಸುಮ್ನೆ ಒಂದು ರೌಂಡ್ ಹೋಗಿ ಬರೋರಿಗೆ ಇದೇ ವಾಸಿ.

ನನಗೆ ಆಸೆ ಹುಟ್ಟಿಸೋದು 1969ರ ನಡುವೆ ಬಂದ 440 ಸಿಕ್ಸ್ ಬ್ಯಾರೆಲ್. 390 ಅಶ್ವಶಕ್ತಿ, ಸಾಲಾಗಿ ಮೂರು ಕಾರ್ಬ್ಯುರೇಟರ್. ಮೆಲ್ಲಗೆ ಓಡಿಸುವಾಗ ನಡುವಿನದೊಂದೇ ಕೆಲಸ ಮಾಡುತ್ತೆ, ಆಕ್ಸಿಲರೇಟರ್ ಒತ್ತಿ ಹಿಡಿದರೆ ಅಕ್ಕಪಕ್ಕದವೂ ಬಾಯಿ ಬಿಡುತ್ತವೆ. ಅದರ ಫೈಬರ್‌ಗ್ಲಾಸ್ ಬಾನೆಟ್‌ಗೆ ಕೀಲೇ ಇಲ್ಲ, ನಾಲ್ಕು ಪಿನ್ ತೆಗೆದು ಎತ್ತಿಡಬೇಕು. ಆಯಿಲ್ ನೋಡೋಕೂ ಇನ್ನೊಬ್ಬರು ಕೈ ಕೊಡಬೇಕು!

ಈಗ ನೀವು ನೋಡಿರೋ ಕಾರಿಗೆ ಬರೋಣ. ಡ್ರೈವರ್ ಕಡೆ ಗಾಜಿನ ಕೆಳಗೆ ಡ್ಯಾಶ್‌ಬೋರ್ಡ್ ಮೇಲೆ ನಂಬರ್ ಪಟ್ಟಿ ಇರುತ್ತೆ. ಶುರುವಿನಲ್ಲಿ 'ಆರ್‌ಎಂ' ಇದ್ದರೆ ಅಸಲಿ ರೋಡ್ ರನ್ನರ್. ಇಲ್ಲದಿದ್ದರೆ ಬೆಲ್ವೆಡೀರ್‌ಗೆ ವೇಷ ಹಾಕಿಸಿದ್ದಾರೆ ಅಂತ ಅನುಮಾನ ಪಡಿ. ಐದನೆಯ ಅಕ್ಷರ ಎಂಜಿನ್ನಿನದು: 1969ರಲ್ಲಿ 'ಎಚ್' ಅಂದರೆ 383, 'ಜೆ' ಹೆಮಿ, 'ಎಂ' ಸಿಕ್ಸ್ ಬ್ಯಾರೆಲ್. ಕಂಪ್ರೆಷನ್ ಜಾಸ್ತಿ ಇರೋದರಿಂದ ಪ್ರೀಮಿಯಂ ಪೆಟ್ರೋಲೇ ಹಾಕಿಸಿ.

ಎಂಜಿನ್‌ಗಿಂತ ಮುಖ್ಯ ತುಕ್ಕು. ನಿಮ್ಮಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ ಅಲ್ವಾ? ಡಿಕ್ಕಿಯ ತಳ, ಹಿಂದಿನ ಚಕ್ರಗಳ ಸುತ್ತ ಒಂದು ಮ್ಯಾಗ್ನೆಟ್ ಆಡಿಸಿ. ಅಂಟದ ಕಡೆ ಪುಟ್ಟಿ ತುಂಬಿದ್ದಾರೆ ಅಂತ ಲೆಕ್ಕ. ಆಮೇಲೆ ಕಾರನ್ನು ಲಿಫ್ಟ್ ಮೇಲೆ ಹಾಕಿಸಿ, ಮುಂದಿನ ಟಾರ್ಷನ್ ಬಾರ್‌ಗಳ (ಸ್ಪ್ರಿಂಗ್‌ನಂತೆ ತಿರುಚಿಕೊಳ್ಳುವ ಸರಳು) ಹಿಂತುದಿ ಕೂರುವ ಅಡ್ಡಪಟ್ಟಿ ನೋಡಿ. ಅದು ಕೊರೆದುಹೋಗಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ತಗೋಬೇಡಿ.